ಅರಬೈಲಿನಿಂದ ಧಾರವಾಡಕ್ಕೆ: ಮಾತು ತಡವರಿಸುವ ಮೊದಲ ವರ್ಷ

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯು ಗಂಗಾವಳಿಯ ಕಣಿವೆಯನ್ನು ಬಿಟ್ಟು ಯಲ್ಲಾಪುರದ ಕಡೆಗೆ ಏರುವಲ್ಲಿ ಅರಬೈಲ್ ಘಟ್ಟವಿದೆ. ಲಾರಿ ಓಡಿಸುವವರಿಗೆ ಅದು ಕಡಿದಾದ ತಿರುವುಗಳ ಹೆಸರು. ಆ ಸುತ್ತಿನ ಮನೆಗಳ ಮಕ್ಕಳಿಗೆ ಹೊರಜಗತ್ತಿನ ಹೊಸ್ತಿಲು. ಪಿ.ಯು.ಸಿ. ಮುಗಿಸಿದ ಹುಡುಗನೋ ಹುಡುಗಿಯೋ ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ಬಸ್ಸಿಗೇರಿಸಿ ಧಾರವಾಡದ ದಾರಿ ಹಿಡಿದಾಗ ಮನೆಯವರು ಊಟ, ವಸತಿ, ಶುಲ್ಕಗಳ ಲೆಕ್ಕ ಹಾಕಿರುತ್ತಾರೆ. ಸಂಕೋಚದ ಲೆಕ್ಕವನ್ನು ಮಾತ್ರ ಯಾರೂ ಹಾಕಿರುವುದಿಲ್ಲ.

ಈ ಸಂಕೋಚಕ್ಕೆ ನೆಲದ ಕಾರಣವೂ ಉಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಕಣಿವೆಯ ತಳದಲ್ಲಿ ಅಡಿಕೆಯ ತೋಟ, ಅದರ ಅಂಚಿಗೆ ಮನೆ, ಮೇಲೆ ಸೊಪ್ಪಿನ ಬೆಟ್ಟ. ನೆರೆಮನೆಗೆ ಹೋಗಬೇಕಾದರೂ ಕಾಲುದಾರಿ ಹಿಡಿಯಬೇಕು. ಎದುರಿಗೆ ಸಿಕ್ಕವರೆಲ್ಲರೂ ಗುರುತಿನವರೇ ಆದುದರಿಂದ ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ಪ್ರಸಂಗ ಮಗುವಿಗೆ ಬಹುಕಾಲ ಒದಗುವುದೇ ಇಲ್ಲ. ಅಂಥ ಮಗು ಒಂದೇ ದಿನದಲ್ಲಿ ನೂರಾರು ಅಪರಿಚಿತರ ನಡುವೆ ನಿಂತರೆ ನಾಲಿಗೆ ಒಣಗುವುದು ಸಹಜವೇ ಸರಿ.

ಮಾತಿನ ತೊಡಕು ಬೇರೆ. ಮನೆಯಲ್ಲಿ ಹವಿಗನ್ನಡ ಆಡುವ ಹುಡುಗನಿಗೆ ‘ಆನು’ ಎಂದರೆ ‘ನಾನು’. ಧಾರವಾಡದ ವಸತಿಗೃಹದಲ್ಲಿ ‘ಯಾವೂರ್ರೀ?’ ಎಂಬ ಪ್ರೀತಿಯ ಪ್ರಶ್ನೆಗೆ ಆ ಪದ ಬಾಯಿತಪ್ಪಿ ಹೊರಟು ಸುತ್ತಲಿನವರು ನಕ್ಕರೆ, ಮರುದಿನದಿಂದ ಅವನು ಉತ್ತರವನ್ನೇ ಚಿಕ್ಕದು ಮಾಡುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ವಿಜ್ಞಾನದ ಪಾಠಗಳು ಇಂಗ್ಲಿಷಿನಲ್ಲಿ ನಡೆಯತೊಡಗಿದಾಗ ಕೇಳಬೇಕಾದ ಸಂದೇಹವೂ ಗಂಟಲಲ್ಲೇ ಉಳಿಯುತ್ತದೆ. ಪಾಠ ತಿಳಿಯದಿರುವುದು ಒಂದು ಕಷ್ಟ; ತಿಳಿಯಲಿಲ್ಲವೆಂದು ಹೇಳಲಾರದಿರುವುದು ಅದಕ್ಕಿಂತ ದೊಡ್ಡ ಕಷ್ಟ.

ಹಾಗೆಂದು ಈ ದಾರಿ ಹೊಸದಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಗೊಂಡಿತು. ಉತ್ತರ ಕನ್ನಡ ಜಿಲ್ಲೆ ಇಂದಿಗೂ ಅದರ ವ್ಯಾಪ್ತಿಯಲ್ಲೇ ಇದೆ. 1954ರಿಂದ 1967ರವರೆಗೆ ಅದರ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಸ್ವತಃ ಗೋಕಾಕ ಸೀಮೆಯ ಹಳ್ಳಿಯಿಂದ ಬಂದು, ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಗಣಿತದ ರ್‍ಯಾಂಗ್ಲರ್ ಪದವಿ ಪಡೆದವರು. ಘಟ್ಟದ ಕೆಳಗೆ ಅಂಕೋಲೆಯಲ್ಲಿ 1966ರಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತೆರೆದ ಮೇಲೆ ಪದವಿಯ ಓದು ಮನೆಗೆ ಇನ್ನಷ್ಟು ಹತ್ತಿರವಾಯಿತು.

ಎಲ್ಲರಿಗೂ ಈ ದಾರಿ ಒಂದೇ ಸಮವಾಗಿರಲಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಯರು ಆಫ್ರಿಕದ ಮೂಲದವರು. ಅವರ ಮಕ್ಕಳು ತರಗತಿಯೊಳಗೆ ಕಾಲಿಟ್ಟರೆ ಮಾತನಾಡುವ ಮೊದಲೇ ಎಲ್ಲರ ಕಣ್ಣೂ ಅವರತ್ತ ತಿರುಗುತ್ತದೆ. ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಓದಿ, ಆ ಸಮುದಾಯದ ಮೊದಲ ಪದವೀಧರರೆಂದು ಹೆಸರಾದ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಒಬ್ಬ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಊರಿಗೆ ಮರಳಿದರೆ ಅವನ ಹಿಂದೆ ಬರಬಹುದಾಗಿದ್ದ ತಮ್ಮ ತಂಗಿಯರ ದಾರಿಯೂ ಮಸುಕಾಗುತ್ತದೆ. ಒಬ್ಬನು ನಿಂತರೆ ಹತ್ತು ಮನೆಗಳಿಗೆ ಧೈರ್ಯ ಬರುತ್ತದೆ.

ಸಂಕೋಚವು ತನಗೊಬ್ಬನಿಗೇ ಅಂಟಿದ ಶಾಪವೆಂದು ಪ್ರತಿ ವಿದ್ಯಾರ್ಥಿಯೂ ಭಾವಿಸುತ್ತಾನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 40ರಷ್ಟು ಮಂದಿ ತಾವು ಸಂಕೋಚ ಸ್ವಭಾವದವರೆಂದೇ ಒಪ್ಪಿಕೊಂಡರು. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮನನೀಯವಾದುದು. ‘ನಮಗೂ ಮೊದಲ ವರ್ಷ ಇಲ್ಲಿ ನಾವು ಹೊರಗಿನವರೆನಿಸಿತ್ತು, ಕಾಲಕ್ರಮದಲ್ಲಿ ಅದು ಕಳೆಯಿತು’ ಎಂಬರ್ಥದ ಹಿರಿಯರ ಅನುಭವಗಳನ್ನು ಅವರು ಹೊಸ ವಿದ್ಯಾರ್ಥಿಗಳಿಗೆ ಓದಿಸಿದರು. ಸುಮಾರು ಒಂದು ಗಂಟೆಯ ಆ ಕೆಲಸದ ಫಲವಾಗಿ ಕಪ್ಪುಜನರ ಮಕ್ಕಳ ಅಂಕಗಳು ಮುಂದಿನ ಮೂರು ವರ್ಷಗಳ ಕಾಲ ಮೇಲೇರಿದವು. ಕಷ್ಟವು ತನ್ನ ಕೊರತೆಯಿಂದ ಬಂದದ್ದಲ್ಲ, ಹೊಸತನದಿಂದ ಬಂದದ್ದು ಎಂಬ ಅರಿವೇ ಅಲ್ಲಿ ಕೆಲಸ ಮಾಡಿತು. ನಮ್ಮ ವಸತಿಗೃಹಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಇಷ್ಟನ್ನು ಖರ್ಚಿಲ್ಲದೆ ಮಾಡಬಹುದು. ಹೊಸಬರನ್ನು ಗೋಳುಹೊಯ್ದುಕೊಳ್ಳುವ ರ್‍ಯಾಗಿಂಗ್ ಅಂತೂ ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯಂತೆ ಶಿಕ್ಷಾರ್ಹ; ಅದನ್ನು ಸಹಿಸಿಕೊಂಡು ಸುಮ್ಮನಿರಬೇಕಾದ ಅಗತ್ಯವಿಲ್ಲ.

ವಿದ್ಯಾರ್ಥಿಯೂ ಕೆಲವು ಸಣ್ಣ ಹೆಜ್ಜೆಗಳನ್ನು ಇಡಬಹುದು. ತುಂಬಿದ ತರಗತಿಯಲ್ಲಿ ಎದ್ದು ನಿಲ್ಲಲು ಧೈರ್ಯ ಸಾಲದಿದ್ದರೆ ಸಂದೇಹವನ್ನು ಚೀಟಿಯಲ್ಲಿ ಬರೆದಿಟ್ಟು, ಪಾಠ ಮುಗಿದ ಮೇಲೆ ಅಧ್ಯಾಪಕರನ್ನು ಒಬ್ಬನೇ ಕಂಡು ಕೇಳಬಹುದು. ಊಟದ ಮನೆಯಲ್ಲಿ ದಿನವೂ ಒಂದೇ ವೇಳೆಗೆ ಒಂದೇ ಮೇಜಿಗೆ ಹೋದರೆ ಮುಖಗಳು ತಾವಾಗಿಯೇ ಪರಿಚಿತವಾಗುತ್ತವೆ. ಮಾತಿಗಿಂತ ಕೆಲಸಕ್ಕೆ ಕೈ ಮುಂದಾಗುವ ಸ್ವಭಾವದವರಿಗೆ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಒಳ್ಳೆಯ ಜಾಗ. ಜೊತೆಯಲ್ಲಿ ಗುದ್ದಲಿ ಹಿಡಿದವನೊಡನೆ ಮಾತು ತಾನೇ ಹುಟ್ಟುತ್ತದೆ.

ತಂದೆತಾಯಿಗಳು ನೆನಪಿಡಬೇಕಾದ ಸಂಗತಿಯೂ ಒಂದಿದೆ. ಮಗುವಿನ ಮೌನವೆಲ್ಲವೂ ಸಂಕೋಚವಲ್ಲ. ಊರಿನ ಚಿಂತೆಯೂ ಇರಬಹುದು. 2021ರ ಜುಲೈ ತಿಂಗಳ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆಗಳು ಹಾಳಾದವು. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಅಂಥ ಮಳೆಗಾಲದಲ್ಲಿ ದೂರದ ಕೋಣೆಯಲ್ಲಿ ಕುಳಿತವನಿಗೆ ಫೋನು ಸಿಗದ ಒಂದು ಸಂಜೆಯೂ ದೀರ್ಘವಾದೀತು. ಆದುದರಿಂದ ಮನೆಯ ಸುದ್ದಿಯನ್ನು ಮುಚ್ಚಿಡದೆ ಹೇಳುವುದು ಲೇಸು. ‘ಅಂಕ ಎಷ್ಟು?’ ಎಂದು ಕೇಳುವ ಮೊದಲು ‘ಇಂದು ಯಾರೊಡನೆ ಊಟ ಮಾಡಿದೆ?’ ಎಂದು ಕೇಳುವುದು ಇನ್ನೂ ಲೇಸು. ನಿದ್ರೆ, ಊಟ ಬಿಟ್ಟುಹೋಗುವಷ್ಟು ಕಳವಳವಿದ್ದರೆ ಸರಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

‘ಹೊಂದಿಕೆಯಾಗದಿದ್ದರೆ ಬಂದುಬಿಡು, ತೋಟವಂತೂ ಇದೆಯಲ್ಲ’ ಎಂಬ ಮಾತು ವಾತ್ಸಲ್ಯದಿಂದಲೇ ಹೊರಡುತ್ತದೆ. ಆದರೆ ಅದನ್ನು ಮೊದಲ ಕೆಲವು ವಾರಗಳಲ್ಲೇ ಆಡಿದರೆ, ನೆಲೆಯೂರಲು ಹೆಣಗುತ್ತಿರುವ ಮಗು ಅದನ್ನೇ ತೀರ್ಪೆಂದು ತಿಳಿದೀತು. ಅಡಿಕೆಯ ಸಸಿ ನೆಟ್ಟವರು ಫಲಕ್ಕೆ ವರ್ಷಗಟ್ಟಲೆ ಕಾಯುತ್ತಾರೆ. ಮಗುವಿಗೆ ಒಂದು ವರ್ಷದ ಅವಧಿಯನ್ನಾದರೂ ಕೊಡುವುದು ಅವರಿಗೆ ಕಠಿಣವಾಗಲಾರದು.