ಹತ್ತು ಅಡಿಯ ಹಗ್ಗ: ಇಂಗ್ಲಿಷಿನಲ್ಲಿ ಅಳತೆಯ ವಿಶೇಷಣಗಳು

ಭಾರತವು 1951ರಲ್ಲಿ ಪ್ರಥಮ ಪಂಚವಾರ್ಷಿಕ ಯೋಜನೆಯನ್ನು ಕೈಗೊಂಡಾಗ ಅದಕ್ಕೆ ಇಂಗ್ಲಿಷಿನಲ್ಲಿ 'ಫಸ್ಟ್ ಫೈವ್ ಇಯರ್ ಪ್ಲಾನ್' ಎಂದು ಹೆಸರಾಯಿತು. ಹನ್ನೆರಡನೆಯ ಯೋಜನೆಯ ಅವಧಿಯು 2017ರಲ್ಲಿ ಮುಗಿಯುವವರೆಗೂ ಈ ಪದಗಳ ರೂಪವು ಬದಲಾಗಲಿಲ್ಲ. ವರ್ಷಗಳು ಐದು; ಆದರೂ 'ಇಯರ್ಸ್' ಎಂಬ ಬಹುವಚನವಿಲ್ಲ. ಕನ್ನಡದಲ್ಲಿ 'ಐದು ವರ್ಷದ ಯೋಜನೆ', 'ಐದು ವರ್ಷಗಳ ಯೋಜನೆ' ಎರಡೂ ಸಲ್ಲುವುದರಿಂದ ನಮ್ಮಲ್ಲಿ ಅನೇಕರು 'ಫೈವ್ ಇಯರ್ಸ್ ಪ್ಲಾನ್' ಎಂದು ಬರೆಯುವುದುಂಟು. ಇಂಗ್ಲಿಷಿಗೆ ಅದು ಒಗ್ಗದು. ಏಕೆ?

ಮೊದಲು ನಿಯಮವನ್ನು ನೋಡೋಣ. 'ಈ ಹಗ್ಗ ಹತ್ತು ಅಡಿ ಉದ್ದವಿದೆ' ಎಂದು ಹೇಳುವಾಗ ಇಂಗ್ಲಿಷಿನಲ್ಲಿ 'ಟೆನ್ ಫೀಟ್' ಎಂಬ ಬಹುವಚನವು ಬರುತ್ತದೆ. ಅದೇ ಅಳತೆಯು ಹಗ್ಗಕ್ಕೆ ವಿಶೇಷಣವಾಗಿ ಅದರ ಮುಂದೆ ನಿಂತರೆ 'ಎ ಟೆನ್-ಫುಟ್ ರೋಪ್' ಎಂದಾಗುತ್ತದೆ. ಅಂತೆಯೇ ಮಗುವಿಗೆ ಮೂರು ವರ್ಷ ಎನ್ನುವಾಗ 'ತ್ರೀ ಇಯರ್ಸ್ ಓಲ್ಡ್'. ಮೂರು ವರ್ಷದ ಮಗು ಎನ್ನುವಾಗ 'ಎ ತ್ರೀ-ಇಯರ್-ಓಲ್ಡ್ ಚೈಲ್ಡ್'. ಮೊದಲನೆಯದರಲ್ಲಿ ನಾವು ಎಣಿಸುತ್ತಿದ್ದೇವೆ. ಎರಡನೆಯದರಲ್ಲಿ ಎಣಿಕೆಯು ವಸ್ತುವಿನ ಒಂದು ಗುಣವಾಗಿ ಪರಿಣಮಿಸಿದೆ. ಕೆಂಪು ಹಗ್ಗ, ದಪ್ಪ ಹಗ್ಗ ಎನ್ನುವಂತೆ ಅದೂ ಒಂದು ಬಗೆಯ ಹಗ್ಗ. ಇಂಗ್ಲಿಷಿನ ವಿಶೇಷಣಗಳಿಗೆ ಸಾಮಾನ್ಯವಾಗಿ ವಚನಭೇದವಿಲ್ಲ. ಸಮಾಸದ ಪೂರ್ವಪದವೂ ಬಹುಮಟ್ಟಿಗೆ ಏಕವಚನದಲ್ಲಿಯೇ ಇರುತ್ತದೆ. ಹಲ್ಲುಗಳೆಲ್ಲವನ್ನೂ ಉಜ್ಜುವ ಸಾಧನವು 'ಟೂತ್‌ಬ್ರಷ್' ಎನಿಸುವುದೇ ಹೊರತು 'ಟೀತ್‌ಬ್ರಷ್' ಎನಿಸುವುದಿಲ್ಲ.

ಇದರ ಹಿಂದೆ ಸಾವಿರ ವರ್ಷಗಳ ಚರಿತ್ರೆಯೂ ಅಡಗಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಗಳಿದ್ದುವು. ಅಳತೆಯನ್ನು ಹೇಳುವಾಗ ಸಂಖ್ಯೆಯ ಮುಂದಿನ ನಾಮಪದವು ಅನೇಕ ವೇಳೆ ಷಷ್ಠೀ ವಿಭಕ್ತಿಯ ಬಹುವಚನದಲ್ಲಿ ಬರುತ್ತಿತ್ತು. ಅಡಿ ಎಂಬ ಪದದ ಪ್ರಥಮಾ ಬಹುವಚನ 'ಫೇಟ್'. ಷಷ್ಠೀ ಬಹುವಚನ 'ಫೋಟ'. ಹನ್ನೊಂದನೆಯ ಶತಮಾನದ ಅನಂತರ ಪದಾಂತ್ಯದ ಸ್ವರಗಳು ಕ್ರಮೇಣ ಸವೆದು ಬಿದ್ದುಹೋದುವು. 'ಫೇಟ್' ಇಂದಿನ 'ಫೀಟ್' ಆಯಿತು; ಬಾಲವನ್ನು ಕಳೆದುಕೊಂಡ 'ಫೋಟ'ವು ಏಕವಚನವಾದ 'ಫುಟ್'ನಂತೆಯೇ ಕಾಣತೊಡಗಿತು. ಆದುದರಿಂದ 'ಟೆನ್-ಫುಟ್' ಎಂಬಲ್ಲಿ ನಮಗೆ ಏಕವಚನವೆಂದು ತೋರುವುದು ಹಳೆಯದೊಂದು ಬಹುವಚನದ ಪಳೆಯುಳಿಕೆ. ನಮ್ಮ 'ಹತ್ತು ಅಡಿಯ ಹಗ್ಗ'ದಲ್ಲಿರುವ ಷಷ್ಠಿಯೇ ಅಲ್ಲಿಯೂ ಇದ್ದಿತೆಂಬುದನ್ನು ಗಮನಿಸಬಹುದು. ಮುಂದೆ ಫ್ರೆಂಚ್ ಭಾಷೆಯಿಂದ ಬಂದ 'ಅವರ್' ಮೊದಲಾದ ಪದಗಳಿಗೆ ಈ ಹಳೆಯ ಪ್ರತ್ಯಯದ ಸಂಬಂಧವೇ ಇರದಿದ್ದರೂ, ಅವೂ ಅದೇ ಸಾಲಿನಲ್ಲಿ ನಿಂತುವು. ಎರಡು ವಾರಗಳ ಅವಧಿಯನ್ನು ಸೂಚಿಸುವ 'ಫೋರ್ಟ್‌ನೈಟ್' ಎಂಬುದೂ ಇಂತಹ ಹಳೆಯ ಪದ. 'ಹದಿನಾಲ್ಕು ರಾತ್ರಿ' ಎಂಬುದು ಅದರ ಮೂಲಾರ್ಥ.

ಇನ್ನು ಹೈಫನ್ ಎಂಬ ಕಿರುಗೆರೆಯ ವಿಚಾರ. ಇದು ಕೇವಲ ಅಲಂಕಾರವಲ್ಲ. 'ಟ್ವೆಂಟಿ ಫೋರ್ ಅವರ್ ಶಿಫ್ಟ್ಸ್' ಎಂದು ಗೆರೆಯಿಲ್ಲದೆ ಬರೆದರೆ ಏನೆಂದು ತಿಳಿಯಬೇಕು? ಕೊನೆಯ ಎರಡು ಅಳತೆಯ ಪದಗಳನ್ನು ಮಾತ್ರ ಕೂಡಿಸಿ 'ಟ್ವೆಂಟಿ ಫೋರ್-ಅವರ್ ಶಿಫ್ಟ್ಸ್' ಎಂದರೆ ತಲಾ ನಾಲ್ಕು ಗಂಟೆಯ ಇಪ್ಪತ್ತು ಪಾಳಿಗಳು, ಒಟ್ಟು 80 ಗಂಟೆ. ಮೂರನ್ನೂ ಕೂಡಿಸಿದರೆ ಒಂದೊಂದು ಪಾಳಿಯೂ 24 ಗಂಟೆಯದು. ಪಾಳಿಗಳೆಷ್ಟೆಂಬುದು ಹೇಳಿಯೇ ಇಲ್ಲ. ಔಷಧದ ಚೀಟಿಯಲ್ಲಿ ಈ ಸಂದಿಗ್ಧವು ಅಪಾಯಕರ. 'ಟೂ ಹಂಡ್ರೆಡ್ ಮಿಲಿಗ್ರಾಂ ಟ್ಯಾಬ್ಲೆಟ್ಸ್' ಎಂಬುದು 100 ಮಿಲಿಗ್ರಾಮಿನ ಎರಡು ಗುಳಿಗೆಗಳೋ, 200 ಮಿಲಿಗ್ರಾಮಿನ ಗುಳಿಗೆಗಳೋ? 200 ಮಿಲಿಗ್ರಾಮಿನ ಎರಡು ಗುಳಿಗೆಗಳೆಂದು ರೋಗಿಯು ತಿಳಿದರೆ ಉದ್ದೇಶಿಸಿದ ಪ್ರಮಾಣದ ಇಮ್ಮಡಿಯು ಹೊಟ್ಟೆ ಸೇರುತ್ತದೆ. ಗುಳಿಗೆಗಳ ಸಂಖ್ಯೆಯನ್ನು ಅಕ್ಷರಗಳಲ್ಲಿಯೂ ಔಷಧದ ಪ್ರಮಾಣವನ್ನು ಅಂಕಿಗಳಲ್ಲಿಯೂ ಬರೆದರೆ ಈ ತೊಡಕಿಲ್ಲ.

ವಿಜ್ಞಾನದ ಬರವಣಿಗೆಗೆ ಇಲ್ಲಿ ಒಂದು ವಿಶೇಷ ವಿಧಿಯಿದೆ. ಪ್ಯಾರಿಸ್ಸಿನ ಬಳಿಯ ಸೆವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಾರ್ಯಾಲಯವು ಪ್ರಕಟಿಸುವ ಕೈಪಿಡಿಯ ಪ್ರಕಾರ, ಮಾನದ ಸಂಕೇತವನ್ನು ಬಳಸುವಾಗ ಅದು ವಿಶೇಷಣವಾಗಿದ್ದರೂ ಅಂಕಿಗೂ ಸಂಕೇತಕ್ಕೂ ನಡುವೆ ಕಿರುಗೆರೆಯಿರಕೂಡದು, ತೆರಪು ಮಾತ್ರ ಇರಬೇಕು. ಮಾನದ ಹೆಸರನ್ನು ಪೂರ್ಣವಾಗಿ ಬರೆದಾಗ ಮಾತ್ರ ಭಾಷೆಯ ಸಾಮಾನ್ಯ ವ್ಯಾಕರಣವು ಅನ್ವಯಿಸುತ್ತದೆ; ಆಗ '35-ಮಿಲಿಮೀಟರ್ ಫಿಲ್ಮ್' ಎಂದು ಗೆರೆಯು ಬರುತ್ತದೆ. ಸಂಕೇತವು ಎಲ್ಲ ಭಾಷೆಗಳಿಗೂ ಸಮಾನ; ಕಿರುಗೆರೆಯು ಇಂಗ್ಲಿಷಿನ ಸ್ವಂತ ಕಟ್ಟಳೆ.

ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ರೂಪವುಂಟು. ಮೂರು ದಿನಗಳ ರಜೆಯನ್ನು 'ತ್ರೀ ಡೇಸ್ ಲೀವ್' ಎಂದೂ ಹೇಳಬಹುದು. ಇಲ್ಲಿ ಬಹುವಚನವು ಸಾಧು. ಏಕೆಂದರೆ ಇದು ಷಷ್ಠಿ. ಆದರೆ 'ಡೇಸ್' ಎಂಬುದರ ಕೊನೆಯಲ್ಲಿ ಷಷ್ಠಿಯ ಗುರುತಾದ ಮೇಲ್ಕೊಂಬನ್ನು ಹಾಕಬೇಕು, ಕಿರುಗೆರೆಯನ್ನು ಹಾಕಬಾರದು. ಬಹುವಚನ ಬೇಕಾದರೆ ಮೇಲ್ಕೊಂಬು, ಕಿರುಗೆರೆ ಬೇಕಾದರೆ ಏಕವಚನ: ಇಷ್ಟನ್ನು ಮನಸ್ಸಿನಲ್ಲಿಟ್ಟರೆ ಬರೆಯುವವರ ಅಳತೆಯೂ ಓದುವವರ ಅಳತೆಯೂ ಒಂದೇ ಆಗಿರುತ್ತದೆ.