ಸೋರುವ ಹಾಯಿದೋಣಿಗೆ ಚಿಕಿತ್ಸೆ

ದೋಣಿಗೆ ಅಪಾಯ ಬರುವುದು ತಳದ ತೂತಿನಿಂದ ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಆದರೆ ಹಳೆಯ ಹಾಯಿದೋಣಿಗಳನ್ನು ಸದ್ದಿಲ್ಲದೆ ತಿನ್ನುವುದು ಮೇಲಿನಿಂದ ಇಳಿಯುವ ನೀರು. ದೋಣಿಯ ಮಾಳಿಗೆಯಂತಿರುವ ಡೆಕ್ಕಿನ ಮೇಲೆ ಹಗ್ಗ ಕಟ್ಟುವ ಗೂಟಗಳು, ಹಿಡಿಕೆಗಳು, ಅಂಚಿನ ಕಂಬಗಳು, ಗಾಜಿನ ಕಿಂಡಿಗಳು, ಹೀಗೆ ಹತ್ತಾರು ಸಾಮಾನುಗಳಿರುತ್ತವೆ. ಒಂದೊಂದಕ್ಕೂ ನಾಲ್ಕಾರು ಬೋಲ್ಟು, ಬೋಲ್ಟಿಗೊಂದು ತೂತು. ಹೊಸದರಲ್ಲಿ ಹಾಕಿದ ಮೇಣದಂಥ ಲೇಪ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಆಗ ಪ್ರತಿ ತೂತೂ ನೀರಿಗೆ ಬಾಗಿಲೇ ಸರಿ.

ಮುಂಬಯಿಯ ವಾಚಕರು ಗೇಟ್‌ವೇ ಮುಂದೆ ಲಂಗರು ಹಾಕಿ ತೂಗಾಡುವ ಹಾಯಿದೋಣಿಗಳನ್ನು ನೋಡಿರಬಹುದು. ಮಳೆಗಾಲ ಬಂತೆಂದರೆ ಅವುಗಳಲ್ಲಿ ಬಹಳಷ್ಟು ದಡ ಸೇರುತ್ತವೆ. ಪರಿಚಿತರೊಬ್ಬರ ಇಂಥದೊಂದು ಹಳೆಯ ದೋಣಿಯ ಕೆಲಸಕ್ಕೆ ಕೆಲವು ರವಿವಾರ ಕೈಯಾಳುಗಳಾಗಿ ಹೋಗಿ, ಪಾನಾ ಹಿಡಿದು ನಿಂತ ಕಾರಕೂನರು ನಾವು. ಅಲ್ಲಿ ಕಂಡು ಕಲಿತದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಡೆಕ್ಕಿನ ರಚನೆಯನ್ನು ತಿಳಿಯಬೇಕು. 1960ರ ದಶಕದಿಂದ ಈಚೆಗೆ ಕಟ್ಟಿದ ಅನೇಕ ಫೈಬರ್‌ಗ್ಲಾಸ್ ದೋಣಿಗಳ ಡೆಕ್ಕು ಒಂದೇ ಗಟ್ಟಿ ಹಲಗೆಯಲ್ಲ. ಮೇಲೊಂದು, ಕೆಳಗೊಂದು ಫೈಬರ್‌ಗ್ಲಾಸ್ ಪದರ. ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಪ್ಲೈವುಡ್. ಭಾರ ಕಡಿಮೆ, ಬಲ ಹೆಚ್ಚು. ನಮ್ಮ ನೌಕಾಪಡೆಯ ‘ಮ್ಹಾದೇಯಿ’ ಹಾಯಿದೋಣಿಯ ಒಡಲೂ ಹೀಗೆಯೇ ನಡುವೆ ಮರವಿಟ್ಟು ಗೋವೆಯಲ್ಲಿ ಕಟ್ಟಿದ್ದು. ಅದರಲ್ಲಿ ದಿಲೀಪ್ ದೋಂದೆಯವರು 2009-10ರಲ್ಲಿ, ಅಭಿಲಾಷ್ ಟೋಮಿಯವರು 2012-13ರಲ್ಲಿ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದರು. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಗೋವೆಗೆ ಹರಿಯುವ ಮಹಾದಾಯಿ ನದಿಯ ಹೆಸರೇ ಆ ದೋಣಿಗೆ ಎಂಬುದು ಕನ್ನಡಿಗರಾದ ನಮಗೆ ಸಂತೋಷದ ಮಾತು.

ಈ ನಡುಮರ ಒಣಗಿರುವವರೆಗೂ ಭದ್ರ. ಬೋಲ್ಟಿನ ತೂತಿನಿಂದ ನೀರು ಹೊಕ್ಕಿತೋ, ಹೊರಬರಲು ದಾರಿಯಿಲ್ಲದೆ ಒಳಗೇ ನಿಂತು ಮರ ಕೊಳೆಯುತ್ತದೆ. ಮೇಲಿನ ಪದರ ಮಾತ್ರ ಹೊಳೆಯುತ್ತಲೇ ಇರುತ್ತದೆ. ಅಂಚಿನ ಕಂಬಗಳಿಗೆ ಪೋಣಿಸಿದ ತಂತಿಯನ್ನು ನೆನೆಯಿರಿ. ಅಲೆಗೆ ದೋಣಿ ಓಲಾಡಿದಾಗ ಜೋಲಿ ತಪ್ಪಿದ ಮನುಷ್ಯನನ್ನು ತಡೆಯತಕ್ಕದ್ದು ಅದೇ. ಕಂಬದ ಬುಡ ಕೊಳೆತಿದ್ದರೆ ಕಂಬದೊಡನೆ ಆತನೂ ಸಮುದ್ರದ ಪಾಲು. ಇನ್ನು ಪಟಸ್ತಂಭವನ್ನು ಎಳೆದು ಹಿಡಿಯುವ ತಂತಿಗಳ ಉಕ್ಕಿನ ಪಟ್ಟಿಗಳೂ ಎಷ್ಟೋ ದೋಣಿಗಳಲ್ಲಿ ಡೆಕ್ಕಿನ ಮೂಲಕವೇ ಇಳಿಯುತ್ತವೆ. ತುಕ್ಕು ಹಿಡಿಯದು ಎಂಬ ಕೀರ್ತಿಯ ಸ್ಟೇನ್‌ಲೆಸ್ ಸ್ಟೀಲು ಕೂಡ ಗಾಳಿಯಾಡದ ಒದ್ದೆ ಸಂದಿಯಲ್ಲಿ ಗುಳಿಬಿದ್ದು ಸವೆಯುತ್ತದೆ. ಒಂದು ಪಟ್ಟಿ ತುಂಡಾದರೆ ಸ್ತಂಭವೇ ಉರುಳಬಹುದು. ಆದ್ದರಿಂದ ಸೋರುವುದೆಂದರೆ ಹಾಸಿಗೆ ನೆನೆಯುವ ಕಿರಿಕಿರಿ ಮಾತ್ರವಲ್ಲ, ಪ್ರಾಣದ ಪ್ರಶ್ನೆ.

ಸೋರುವ ಜಾಗವನ್ನು ಹುಡುಕುವುದು ಹೇಗೆ? ಹನಿ ಬಿದ್ದಲ್ಲೇ ತೂತು ಇರುವುದಿಲ್ಲ. ನೀರು ಒಳಪದರಗಳ ನಡುವೆ ಹರಿದು, ಮಾರು ದೂರದಲ್ಲಿ ತೊಟ್ಟಿಕ್ಕಬಹುದು. ಅಲ್ಲಿಗೇ ಲೇಪ ಮೆತ್ತಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇಬ್ಬರು ಸೇರಬೇಕು. ಒಬ್ಬರು ಒಳಗೆ ಟಾರ್ಚು ಹಿಡಿದು ಕೂಡಬೇಕು. ಇನ್ನೊಬ್ಬರು ಮೇಲೆ ತಗ್ಗಿನ ಕಡೆಯಿಂದ ಆರಂಭಿಸಿ, ಒಂದೊಂದೇ ಸಾಮಾನಿನ ಬುಡಕ್ಕೆ ಕೊಳವೆಯಿಂದ ನಿಧಾನವಾಗಿ ನೀರು ಬಿಡಬೇಕು. ಬಳಿಕ ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ತಟ್ಟಿ ನೋಡಬೇಕು. ಠಣ್ ಎಂದರೆ ಒಳ್ಳೆಯದು. ಬೊದ್ ಎಂದರೆ ಒಳಗೆ ಕೆಟ್ಟಿರುವ ಸಂಶಯ. ನಮ್ಮ ಮಳೆಗಾಲ ಈ ಪರೀಕ್ಷೆಗೆ ಪ್ರಶಸ್ತವಾದ ಕಾಲ. ಆದರೆ ಮರ ಒಣಗಬೇಕಾದ್ದರಿಂದ ರಿಪೇರಿಯನ್ನು ಮಳೆ ನಿಂತ ಮೇಲೆಯೇ ಮಾಡತಕ್ಕದ್ದು.

ಸಾಮಾನನ್ನು ಬಿಚ್ಚದೆ ಸುತ್ತಲೂ ಲೇಪ ಹಚ್ಚುವುದು ಎಲ್ಲರಿಗೂ ಸುಲಭವಾಗಿ ತೋಚುವ ಉಪಾಯ. ಅದು ಹೆಚ್ಚು ದಿನ ಬಾಳದು. ಎಷ್ಟೋ ವೇಳೆ ಒಳಗಿನ ನೀರನ್ನು ಬಂಧಿಸಿ ಕೆಡುಕನ್ನೇ ಮಾಡುತ್ತದೆ. ಬೋಲ್ಟು ಬಿಚ್ಚಿ, ಹಳೆಯ ಲೇಪವನ್ನೆಲ್ಲ ಕೆರೆದು, ತೂತಿನೊಳಗಿನ ಮರವನ್ನು ಮೊಳೆಯಿಂದ ಕೆದಕಿ ನೋಡಬೇಕು. ಕಪ್ಪಾಗಿ, ಹಿಟ್ಟಿನಂತೆ ಬಂದರೆ ಗಟ್ಟಿ ಮರ ಸಿಗುವವರೆಗೂ ತೆಗೆಯಬೇಕು. ಮೆತುವು ಬಹಳ ದೂರ ಹಬ್ಬಿದ್ದರೆ ಮೇಲಿನ ಪದರವನ್ನೇ ಕತ್ತರಿಸಿ ಹೊಸ ಮರ ಕೂಡಿಸುವುದು ಅನಿವಾರ್ಯ. ಅದು ನುರಿತವರ ಕೆಲಸ.

ಮರ ಚೆನ್ನಾಗಿದ್ದರೆ ತೂತನ್ನು ಬೇಕೆಂದೇ ದೊಡ್ಡದು ಮಾಡಬೇಕು. ಬೋಲ್ಟು 8 ಮಿಲಿಮೀಟರಿನದಾದರೆ ತೂತು 14 ಮಿಲಿಮೀಟರಿರಲಿ. ಕೆಳಗಿನಿಂದ ಪಟ್ಟಿ ಅಂಟಿಸಿ, ದಪ್ಪಗೆ ಕಲಸಿದ ಎಪಾಕ್ಸಿ ತುಂಬಬೇಕು. ಕೈಗೆ ಕೈಚೀಲ ಬೇಕು, ಗಾಳಿಯೂ ಆಡಬೇಕು. ಅದು ಪೂರ್ತಿ ಗಟ್ಟಿಯಾದ ಮೇಲೆ ನಟ್ಟನಡುವೆ 8 ಮಿಲಿಮೀಟರಿನ ತೂತು ಕೊರೆಯಬೇಕು. ಇನ್ನು ಮುಂದೆ ಲೇಪ ಕೆಟ್ಟರೂ ನೀರು ಮರವನ್ನು ಮುಟ್ಟದು. ಸೋರಿದರೆ ನೇರವಾಗಿ ಕೆಳಗೆ ಸೋರಿ ನಮಗೆ ತಿಳಿಸುತ್ತದೆ.

ತೂತಿನ ಬಾಯಿಯನ್ನು ಸ್ವಲ್ಪ ಓರೆಯಾಗಿ ಕೆರೆದರೆ, ಅಲ್ಲಿ ಲೇಪ ಉಂಗುರದಂತೆ ಬೋಲ್ಟಿನ ಕತ್ತನ್ನು ಸುತ್ತಿ ನಿಲ್ಲುತ್ತದೆ. ಲೇಪಕ್ಕೆ ಬ್ಯೂಟೈಲ್ ಪಟ್ಟಿ ಬಹಳ ಒಳ್ಳೆಯದು. ಅದು ಗಟ್ಟಿಯಾಗದೆ ಹಿಗ್ಗಿ ಕುಗ್ಗುತ್ತದೆ, ಮುಂದೆ ಬಿಚ್ಚಲೂ ಸುಲಭ. ಶಾಶ್ವತವಾಗಿ ಕಚ್ಚುವ ಅಂಟು ಇಲ್ಲಿ ಬೇಡ. ಪಾಲಿಸಲ್ಫೈಡ್ ಲೇಪವೂ ಸಲ್ಲುತ್ತದೆಯಾದರೂ ಪ್ಲಾಸ್ಟಿಕ್ ಕಿಂಡಿಗಳಿಗೆ ಅದನ್ನು ಹಚ್ಚಬಾರದು, ಪ್ಲಾಸ್ಟಿಕ್ ಬಿರಿಯುತ್ತದೆ. ಬಿಗಿಯುವಾಗ ಮೇಲಿನವರು ಬೋಲ್ಟನ್ನು ಅಲುಗದಂತೆ ಹಿಡಿದಿರಬೇಕು; ಕೆಳಗಿನವರು ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಲೇಪ ಹರಿಯುತ್ತದೆ. ಭಾರ ಹೊರುವ ಸಾಮಾನಿನ ಕೆಳಗೆ ಅಗಲವಾದ ಲೋಹದ ತಗಡಿರಲಿ. ಒಂದೇ ದಿನ ಬಿಗಿದು ಮುಗಿಸದೆ, ಎರಡು ಮೂರು ದಿನ ಸ್ವಲ್ಪಸ್ವಲ್ಪವಾಗಿ ಬಿಗಿಯುವುದು ಲೇಸು.

ಎಲ್ಲವನ್ನೂ ಒಮ್ಮೆಗೇ ಬಿಚ್ಚುವ ಗೋಜು ಬೇಡ. ಮೊದಲು ಪಟಸ್ತಂಭದ ಪಟ್ಟಿಗಳು, ಆಮೇಲೆ ಅಂಚಿನ ಕಂಬಗಳು, ಕೊನೆಗೆ ಉಳಿದವು ಎಂದು ಕ್ರಮ ಹಾಕಿಕೊಳ್ಳಬಹುದು. ಕಾರಕೂನರಾದ ನಮ್ಮ ಪಾಲಿನ ಸಲಹೆ ಒಂದೇ: ಒಂದು ನೋಟುಪುಸ್ತಕವಿಟ್ಟು ಪ್ರತಿ ಸಾಮಾನಿಗೂ ನಂಬರು ಕೊಟ್ಟು, ಬಿಚ್ಚಿದ ತಾರೀಖು, ಒಳಗೆ ಕಂಡ ಸ್ಥಿತಿ, ಹಾಕಿದ ಲೇಪ ಇಷ್ಟನ್ನು ಬರೆದಿಡಿ. ದೋಣಿ ಕೈ ಬದಲಾಯಿಸಿದಾಗ ಪುಸ್ತಕವೂ ಅದರೊಡನೆ ಹೋಗಲಿ. ಮುಂದೆ ಆ ತಂತಿಯನ್ನು ನಂಬಿ ಹಿಡಿಯುವವರು ಯಾರೋ ನಾವರಿಯೆವು. ಅವರ ಕೈಗೆ ಕಂಬ ಗಟ್ಟಿಯಾಗಿ ಸಿಕ್ಕಬೇಕು.