ಪ್ರೊಸೆಸರ್ ಹದಿನಾರು, ವೇಗ ಆರೇ ಪಟ್ಟು!

ಸರ್ವರ್ ನಿಧಾನವಾಯಿತೆಂದರೆ ಸಂಸ್ಥೆಗಳಿಗೆ ಮೊದಲು ಹೊಳೆಯುವ ಪರಿಹಾರ, ಇನ್ನಷ್ಟು ಪ್ರೊಸೆಸರ್‌ಗಳಿರುವ ಯಂತ್ರವನ್ನು ಕೊಳ್ಳುವುದು. ಆದರೆ ಹಣ ಸುರಿದಷ್ಟು ವೇಗ ದೊರೆಯುವುದು ಅಪರೂಪ.

ತಂತ್ರಾಂಶವು ಕೆಲಸವನ್ನು ಹಲವು ಥ್ರೆಡ್‌ಗಳಾಗಿ, ಅಂದರೆ ಎಳೆಗಳಾಗಿ ಬಿಡಿಸಿ ಪ್ರೊಸೆಸರ್‌ಗಳಿಗೆ ಹಂಚುತ್ತದೆ. ಎಲ್ಲವನ್ನೂ ಹಾಗೆ ಹಂಚಲಾಗದು. ಹಂಚಲಾಗದ ಭಾಗ ಶೇ. 10ರಷ್ಟಿದ್ದರೆ 16 ಪ್ರೊಸೆಸರ್‌ಗಳಿಂದ ಸಿಗುವ ವೇಗ 6.4 ಪಟ್ಟು ಮಾತ್ರ. ಸಂಖ್ಯೆಯನ್ನು 64ಕ್ಕೆ ಏರಿಸಿದರೂ ಅದು ಒಂಬತ್ತು ಪಟ್ಟನ್ನು ಮುಟ್ಟದು. ಎಷ್ಟೇ ಸೇರಿಸಿದರೂ ಹತ್ತನ್ನು ದಾಟದು. ಅಮೆರಿಕದ ಗಣಕ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಿಂದ ಬಂದ ಲೆಕ್ಕವಿದು.

ಹಂಚಲಾಗದ ಭಾಗ ಯಾವುದು? ರೈಲಿನ ಒಂದೇ ಆಸನಕ್ಕೆ ಒಂದೇ ಕ್ಷಣದಲ್ಲಿ ಇಬ್ಬರು ಬೇಡಿಕೆ ಸಲ್ಲಿಸಿದರೆ ಅದನ್ನು ಇಬ್ಬರಿಗೂ ಮಾರಕೂಡದು. ಆದ್ದರಿಂದ ಒಂದು ಥ್ರೆಡ್ ಆ ದಾಖಲೆಗೆ ಬೀಗ ಹಾಕುತ್ತದೆ. ಉಳಿದವು ಸರದಿಯಲ್ಲಿ ನಿಲ್ಲುತ್ತವೆ. ಕಾಯುವ ಪ್ರೊಸೆಸರ್ ಕೆಲವೊಮ್ಮೆ ಬೀಗ ತೆರೆಯಿತೇ ಎಂದು ಮತ್ತೆ ಮತ್ತೆ ನೋಡುತ್ತಲೇ ಇರುತ್ತದೆ. ಆಗ ಪರದೆಯ ಮೇಲೆ ಬಳಕೆ ಶೇ. 100 ಎಂದು ಕಾಣುತ್ತದೆ, ಕೆಲಸ ಮಾತ್ರ ಸಾಗಿರುವುದಿಲ್ಲ. ಮೋಸಹೋಗುವುದು ಸುಲಭ.

ಲಿನಕ್ಸ್‌ನ ಕಥೆ ಇದಕ್ಕೆ ತಕ್ಕ ನಿದರ್ಶನ. 1996ರ 2.0 ಆವೃತ್ತಿಯಲ್ಲಿ ಬಹು ಪ್ರೊಸೆಸರ್ ಸೌಲಭ್ಯ ಬಂದಾಗ ಅದರ ತಿರುಳಾದ ಕರ್ನೆಲ್‌ಗೆಲ್ಲ ಸೇರಿ ಇದ್ದದ್ದು ಒಂದೇ ದೊಡ್ಡ ಬೀಗ. ಯಂತ್ರದಲ್ಲಿ ಎಷ್ಟೇ ಪ್ರೊಸೆಸರ್‌ಗಳಿರಲಿ, ಕರ್ನೆಲ್ ಒಳಗೆ ಒಂದು ಹೊತ್ತಿಗೆ ಒಂದಕ್ಕಷ್ಟೇ ಪ್ರವೇಶ. ಅದನ್ನು ಸಣ್ಣ ಸಣ್ಣ ಬೀಗಗಳಾಗಿ ಒಡೆಯುತ್ತಾ ಬಂದು, ಕೊನೆಯ ಕುರುಹನ್ನೂ ಅಳಿಸಿದ್ದು 2011ರಲ್ಲಿ, 2.6.39 ಆವೃತ್ತಿಯಲ್ಲಿ. ಸಣ್ಣ ಬೀಗಗಳೂ ನಿರಪಾಯಕಾರಿಯಲ್ಲ. ಎರಡು ಥ್ರೆಡ್‌ಗಳು ಪರಸ್ಪರರ ಬೀಗಕ್ಕಾಗಿ ಕಾದು ಕುಳಿತರೆ ಎರಡೂ ಅಲ್ಲೇ ನಿಂತುಬಿಡುತ್ತವೆ.

ಬೀಗವಿಲ್ಲದೆಡೆಯೂ ಅಡ್ಡಿಯುಂಟು. ಪ್ರತಿ ಪ್ರೊಸೆಸರ್ ತನ್ನ ಬಳಿಯ ಕ್ಯಾಶ್ ಸ್ಮೃತಿಯಲ್ಲಿ ಮಾಹಿತಿಯ ಪ್ರತಿ ಇಟ್ಟುಕೊಳ್ಳುತ್ತದೆ. ಒಂದು ಅದನ್ನು ತಿದ್ದಿದೊಡನೆ ಉಳಿದವುಗಳ ಪ್ರತಿ ನಿರುಪಯುಕ್ತವಾಗಿ, ಹೊಸದನ್ನು ತರಿಸಿಕೊಳ್ಳಬೇಕಾಗುತ್ತದೆ. ಪ್ರೊಸೆಸರ್‌ಗಳು ಹೆಚ್ಚಿದಂತೆ ಈ ಓಡಾಟವೂ ಹೆಚ್ಚಿ, ಒಂದು ಹಂತದ ನಂತರ ಸರ್ವರ್ ಮೊದಲಿಗಿಂತ ನಿಧಾನವಾಗಲೂಬಹುದು.

ಚಿಪ್ ವಿನ್ಯಾಸದಲ್ಲೂ ಇಂಥ ಸರದಿ ಕಂಡುಬಂದದ್ದುಂಟು. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ತಂದ ಅಲ್ಟ್ರಾಸ್ಪಾರ್ಕ್ ಟಿ1 ಚಿಪ್‌ನಲ್ಲಿ ಎಂಟು ಕೋರ್‌ಗಳಿದ್ದು, ಒಟ್ಟು 32 ಥ್ರೆಡ್‌ಗಳಿಗೆ ಅವಕಾಶವಿತ್ತು. ಜಾಲತಾಣಗಳ ಪುಟ ಒದಗಿಸಲು ಅದು ಹೇಳಿ ಮಾಡಿಸಿದ್ದು. ಆದರೆ ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ ಎಂಟೂ ಕೋರ್‌ಗಳು ಒಂದೇ ಘಟಕವನ್ನು ಹಂಚಿಕೊಳ್ಳಬೇಕಿತ್ತು. ವೈಜ್ಞಾನಿಕ ಗಣನೆಗೆ ಅದು ಹೊಂದಲಿಲ್ಲ. 2007ರ ಟಿ2 ಚಿಪ್‌ನಲ್ಲಿ ಸನ್ ಪ್ರತಿ ಕೋರ್‌ಗೂ ಪ್ರತ್ಯೇಕ ಘಟಕ ನೀಡಿತು.